ಅಳತೆಯ ಕಾಗದ

ಪರೇಲಿನ ಆಸ್ಪತ್ರೆ ಗೇಟಿಗೆ ಎದುರು, ಚಹಾದ ಗಾಡಿ ಬಿಟ್ಟು ಎರಡನೇದು
ನನ್ನ ಪೆಟ್ಟಿಗಿ.
ಪಾರುಳೇಕರ ಬಾಯಿಯವರ ಕಾಲು
ಹನ್ನೊಂದು ವರ್ಷ ನನ್ನ ಕೈಯಾಗಿತ್ತು.

ಟಿಕೀಟು ತಪಾಸಣಿ ನೌಕರಿ. ದಾದರಿನ ಮೆಟ್ಟಲಾ
ಏರೋದು, ಇಳಿಯೋದು, ಮತ್ತ ಏರೋದು.
ಮೊದಲ ವರ್ಷ ಹೆಬ್ಬೆರಳು ತುಸು ವಾಲಿತ್ತು,
ತೂಕಡಿಸಾಂವ ಬಾಜೂದವನ ಹೆಗಲಿಗೆ ವಾಲಿದಂಗ.
ಮೂರನೇ ವರ್ಷಕ್ಕ ಪೂರಾ ಮಲಗಿತು.
ಉಳಿದವು ಜಾಗಾ ಸಾಲದ ಒಂದರ ಮ್ಯಾಲೊಂದು ಹತ್ತಿದವು,
ಸಂಜೀ ಆರರ ವಿರಾರ ಲೋಕಲ್ಲಿನ ಬಾಗಿಲದಾಗ ನಿಂತಂಗ.
"ಬೂಟಿನಾಗ ಹಳ್ಳು ಅದಾವ ನೋಡು ಯಮನಪ್ಪಾ" ಅನ್ನೋರು.
ಜಾಡಿಸಿ ತೋರಸ್ತಿದ್ದೆ.
ಹಳ್ಳು ಅಂಗಾಲಿನೊಳಗ ಇದ್ದವು.

ವರ್ಷಕ್ಕೊಮ್ಮೆ ಹಳೇ ಪೇಪರಿನ ಮ್ಯಾಲ ಕಾಲಿಡಿಸಿ
ಸುತ್ತ ಪೆನ್ಸಿಲು ಎಳೆದೆ.
ಯಾವ ಸಂದಿಯಾಗ ಅವರು ಉಸಿರು ಹಿಡೀತಾರ ಅನ್ನೋದು
ಪೆನ್ಸಿಲಿಗೆ ಗೊತ್ತಿತ್ತು, ಡಾಕ್ಟರಿಗಿಂತ ಮೊದಲ.
ಕಟಗಿ ಅಚ್ಚಿಗೆ ತೊಗಲಿನ ಗಂಟು ಅಂಟಿಸಿ
ಗಂಟಿಗೊಂದು ಖೋಲಿ, ಬೆರಳಿಗೊಂದು ಅಟ್ಟ.
ಸಂಧಿವಾತಕ್ಕ ನಾ ಮನಿ ಕಟ್ಟಿಕೋತ ಹೋದೆ;
ಪ್ರತಿ ದೀಪಾವಳಿಗೆ ಅದು
ಇನ್ನೊಂದು ಖೋಲಿ ಕೇಳ್ತು.

ಹೋದ ಮಾಘದಾಗ ಆಪರೇಷನ್.
ಹೆಬ್ಬೆರಳಿನ ಕೀಲಿಗೆ ತಗಡು, ಸ್ಕ್ರೂ ಹಾಕಿ ಬಿಗಿದಾರಂತ,
ಇನ್ನ ಅದು ಮಡಚಂಗಿಲ್ಲ.
ಉಳಿದ ನಾಕರ ಬುಡದ ಎಲುಬಿನ ಗುಂಡು ಕೊರೆದು ತಗದಾರ.
ಗಾಲಿಕುರ್ಚಿ ಗೇಟು ದಾಟುವಾಗ ಕಂಡೆ:
ಬೆರಳ ತುದಿಯಿಂದ ಇಣುಕೋ ನಾಕು ತಂತಿ,
ಒಂದೊಂದಕ್ಕ ಒಂದೊಂದು ಹಸಿರು ಮಣಿ.
ಕೊರೆಯೋದು, ಮೊಳಿ ಹೊಡಿಯೋದು, ಹೊಲಿಯೋದು,
ನನ್ನ ಕಸುಬೂ ಅದೇ ಅಲ್ಲೇನ್ರಿ.
ಖರೆ, ನನ್ನ ತೊಗಲು ಎಂದೂ ಒದರಿಲ್ಲ.

ನಿನ್ನೆ ಬಂದ್ರು, ಕೋಲು ಹಿಡಕೊಂಡು.
ಸ್ಟೂಲಿನ ಮ್ಯಾಲ ಕುಂತು ಬರಿಗಾಲು ಚಾಚಿದ್ರು.
ಐದೂ ಬೆರಳು ಬಾಜೂ ಬಾಜೂ. ನನಗ ಗುರುತಿಲ್ಲದವು.
ಪೆನ್ಸಿಲು ಎಳೆದೆ, ಎಲ್ಲೂ ತಡೀಲಿಲ್ಲ.
ಮೂರು ನೂಲು ಗಿಡ್ಡ ಆಗೇತಿ ಕಾಲು.
"ಇನ್ನ ಅಂಗಡ್ಯಾಗಿನ ಚಪ್ಪಲಿ ನಡೀತಾವಲ್ಲಾ?"
"ನಡೀತಾವ್ರಿ" ಅಂದೆ. ಮತ್ತೇನ ಅನ್ನಲಿ,
ಒಳ್ಳೇ ಗಿರಾಕಿ ಹೊಂಟಿತ್ತು, ನಗುಮುಖದಿಂದ.

ಏಳೋ ಮುಂದ, ಪೆಟ್ಟಿಗಿ ಮೂಲ್ಯಾಗಿನ ಅಚ್ಚು ಎತ್ತಿಕೊಂಡ್ರು.
ಗಂಟು, ಗುಬ್ಬಿ, ಸೊಟ್ಟ ಮೂತಿ.
"ಇದ್ಯಾರ ಕಾಲೋ?"
"ಇದ್ರ್ರೀ ಒಬ್ರು" ಅಂದೆ.
ನಗಲಿಲ್ಲ. ಬೊಟ್ಟು ಮೆಲ್ಲಗ ಅಚ್ಚಿನ ಸುತ್ತ ಹೋತು,
ಎರಡನೇ ಬೆರಳಿನ ಕೆಳಗ, ಪೆನ್ಸಿಲು ನಿಲ್ತಿದ್ದ ಜಾಗಾದಾಗ,
ಬಾಯಿಯವರು
ಉಸಿರು ಹಿಡಿದ್ರು.