ಏಳು ಸೆಕೆಂಡು

ಶುಕ್ರವಾರ ರಾತ್ರಿ ಎಂಟಕ್ಕೆ
ಕಲಬಾರ್ ಬಂದರಿನ ಹಿಂದಿನ ಓಣಿಯಲ್ಲಿ
ದರ್ಜಿ ಇಕ್ವೋ ಅಮ್ಮನ ಕಿಟಕಿಯೇ ನಮಗೆ ಟಾಕೀಸು.
ಟೀವಿಯನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟು
ಮುಖ ಅಂಗಳಕ್ಕೆ ತಿರುಗಿಸುತ್ತಿದ್ದಳು.
ಮುಂದೆ ಪೇರಿಸಿದ ಗಿರಾಕಿಗಳ ಬಟ್ಟೆ
ಪರದೆಯ ಕೆಳಗಿನ ನಾಲ್ಕು ಬೆರಳು ಮುಚ್ಚಿರುತ್ತಿತ್ತು.
ಸರಳಿಗೆ ಮೂಗೊತ್ತಿದ ನಾವು ಹದಿನೇಳು ಮಕ್ಕಳು,
ಹಿಂದೆ ಹಡಗು ಇಳಿಸಿ ಬಂದ ಗಂಡಸರು,
ಅವರ ಬೆವರು, ಹುರಿದ ಕಡಲೆಕಾಯಿಯ ಘಮ.

ಅರ್ಧ ಗಂಟೆಯ ನಾಟಕ. ಒಂದು ವಠಾರ,
ಏಳು ಬಾಡಿಗೆದಾರರು, ಒಬ್ಬ ಮಾಲೀಕ.
ಹೆಸರು ಚೀಫ್ ಪಟಾಪಟಾ.
ಮಳೆಯಿಲ್ಲದ ದಿನವೂ ಕಂಕುಳಲ್ಲಿ ಕೊಡೆ,
ಕೊಡೆಗೆ ಮೂರೇ ಕಡ್ಡಿ.
"ಬಾಡಿಗೆ ತಿಂಗಳ ಕೊನೆಗಲ್ಲ, ನನ್ನ ಹಸಿವಿನ ಮೊದಲಿಗೆ!"
ಎಂದು ಅವನು ಬಾಗಿಲು ಬಡಿದರೆ ಸಾಕು,
ಮೂರು ತಿಂಗಳ ಬಾಕಿ ಇಟ್ಟ ಬಂದರಿನ ಗಂಡಸರು
ತೊಡೆ ತಟ್ಟಿಕೊಂಡು ನಗುತ್ತಿದ್ದರು.

ಹತ್ತೊಂಬತ್ತನೇ ನಿಮಿಷಕ್ಕೋ ಇಪ್ಪತ್ತೊಂದಕ್ಕೋ
ಕರೆಂಟು ಹೋಗುತ್ತಿತ್ತು.
ಚೀಫ್ ಬಾಯಿ ತೆರೆದಿರುತ್ತಿದ್ದ. ಆ ಬಾಯಿ
ಒಂದು ಬಿಳಿ ಚುಕ್ಕೆಯಾಗಿ ಗಾಜಿನ ನಡುವೆ ಆರುತ್ತಿತ್ತು.
ಇಡೀ ಓಣಿ ಒಂದೇ ಉಸಿರಿಗೆ
ವಿದ್ಯುತ್ ಕಚೇರಿಯವರನ್ನು ಹಡೆದವರನ್ನು ನೆನೆಯುತ್ತಿತ್ತು.

ಆಗ ಗೇಟಿನ ಕಡೆಯಿಂದ ಒಂದು ಕೆಮ್ಮು.
ಎಟೆ ಎನ್ಸಾ, ನಮ್ಮ ಕಾವಲುಗಾರ.
ಗೇಟು ಕಾಯುವವನು ಟೀವಿಗೆ ಬೆನ್ನು ಹಾಕಿಯೇ ಕೂರಬೇಕು,
ಕೆಲಸದ ಕಟ್ಟಳೆ ಅದು.
ನಾಲ್ಕು ವರ್ಷ ಅವನು ಆ ನಾಟಕ ನೋಡಿದವನಲ್ಲ,
ಕೇಳಿದವನು.
"ಆಮೇಲೆ ಏನಾಯ್ತು ಅಂದ್ರೆ..."

ಅವನ ಚೀಫ್ ಕುಂಟ.
(ಟೀವಿಯವನು ಕುಂಟನಲ್ಲ, ನಮಗೆ ಗೊತ್ತಿತ್ತು.
ಪಾಪ ಮುದುಕ ಎಂದು ತಿದ್ದಲಿಲ್ಲ.)
ಅವನ ಕಥೆಯಲ್ಲಿ ಆ ಕೊಡೆ ಸತ್ತ ಹೆಂಡತಿಯದು.
ಬಾಡಿಗೆ ಕೇಳಲು ಹೋದವನು
ಒಳಗಿನ ಸಾರಿನ ವಾಸನೆಗೆ ಕೂತೇ ಬಿಡುತ್ತಾನೆ,
ಕೈ ತೊಳೆದು ಎದ್ದಾಗ ಬಂದದ್ದೇಕೆಂದು ಮರೆತಿರುತ್ತಾನೆ.
ಒಂದು ವಾರ ಬಾವಿಗೆ ಬಿದ್ದ;
ರಸೀದಿಗೆ ಸಹಿ ಹಾಕಿಸಿಕೊಂಡು ಎತ್ತುವುದೋ
ಎತ್ತಿದ ಮೇಲೆ ಸಹಿಯೋ ಎಂದು
ಬಾಡಿಗೆದಾರರು ಸಭೆ ಕರೆದರು, ಚಹಾ ಕುಡಿದರು.

ಕತ್ತಲಲ್ಲಿ ನಕ್ಕಷ್ಟು ನಾವು ಬೆಳಕಲ್ಲಿ ನಗಲಿಲ್ಲ.
ಯಾರು ನಗುತ್ತಿದ್ದಾರೆಂದು ಕಾಣದಿದ್ದುದಕ್ಕೋ ಏನೋ.
ನನ್ನ ಅಪ್ಪನೂ ನಕ್ಕಿದ್ದನಂತೆ,
ಇಕ್ವೋ ಅಮ್ಮ ಇಂದಿಗೂ ಆಣೆ ಮಾಡುತ್ತಾಳೆ.

ಒಮ್ಮೆ ನಡುವೆಯೇ ಕರೆಂಟು ಬಂತು.
"ಅಪ್ ನೇಪಾ!" ಊರಿಗೆ ಊರೇ ಕೂಗಿತು.
ಪರದೆಯ ಮೇಲೆ ಹೆಸರುಗಳು ಓಡುತ್ತಿದ್ದವು.
ಯಾರೂ ಅತ್ತ ತಿರುಗಲಿಲ್ಲ.
"ಆಮೇಲೆ?" ಎಂದೆವು, ಗೇಟಿಗೆ.

ಈಗ ನಾನು ಟೀವಿ ಕೇಂದ್ರದ ಟೇಪು ಕೋಣೆಯಲ್ಲಿ ಗುಮಾಸ್ತೆ,
ಇಪ್ಪತ್ತೆರಡು ವರ್ಷವಾಯಿತು.
ಹೊಸ ಟೇಪಿಗೆ ಕಾಸಿಲ್ಲದ ಕಾಲದಲ್ಲಿ
ಹಳೆಯದನ್ನು ಅಳಿಸಿ ಅದರ ಮೇಲೆಯೇ ತುಂಬಿದ್ದಾರೆ.
ಚೀಟಿಯಲ್ಲಿ ನಾಟಕದ ಹೆಸರಿಗೊಂದು ಅಡ್ಡಗೀಟು,
ಕೆಳಗೆ: ಸೇತುವೆ ಉದ್ಘಾಟನೆ.
ಇನ್ನೊಂದರಲ್ಲಿ: ಅದೇ ಸೇತುವೆ, ಮರು ಉದ್ಘಾಟನೆ.
ನನ್ನ ಇಡೀ ಬಾಲ್ಯದ ಮೇಲೆ
ಒಬ್ಬ ಕರ್ನಲ್ ರಿಬ್ಬನ್ ಕತ್ತರಿಸುತ್ತ ನಿಂತಿದ್ದಾನೆ.

ಮೊನ್ನೆ ಒಂದನ್ನು ಕೊನೆತನಕ ಓಡಿಸಿದೆ.
ಭಾಷಣ ಮುಗಿಯಿತು. ಕರಿಯೆಳ್ಳು ಬಿಳಿಯೆಳ್ಳು
ಬೆರೆಸಿ ಚೆಲ್ಲಿದಂತೆ ಪರದೆ.
ಆರಿಸಲು ಕೈ ಚಾಚಿದೆ,
ಬಾಗಿಲು ತೆರೆಯಿತು.

ಏಳು ಸೆಕೆಂಡು. ಕರ್ನಲ್ ತಲುಪದೆ ಬಿಟ್ಟದ್ದು.
ಚೀಫ್ ಒಳಗೆ ಬರುತ್ತಾನೆ,
ಕೊಡೆಯನ್ನು ಗೋಡೆಗೆ ಒರಗಿಸುತ್ತಾನೆ,
ಕುರ್ಚಿಯತ್ತ ನಾಲ್ಕು ಹೆಜ್ಜೆ.
ಇಲ್ಲಿ ಬಟ್ಟೆಯ ರಾಶಿ ಇಲ್ಲ.
ಕುಂಟುತ್ತಾನೆ.

ಮತ್ತೆ ಹಾಕಿದೆ, ಕಣ್ಣು ಮುಚ್ಚಿ:
ಒಂದು ಹೆಜ್ಜೆ ಗಟ್ಟಿ, ಒಂದು ಎಳೆತ.
ಗಟ್ಟಿ. ಎಳೆತ.
ಹದಿನೇಳು ಜೊತೆ ಕಣ್ಣಿಗೆ ಕಾಣದ್ದು
ಬೆನ್ನು ಹಾಕಿ ಕೂತವನ ಕಿವಿಗೆ ಬಿದ್ದಿತ್ತು.

ಹಾಗಾದರೆ ಆ ಕೊಡೆ?
ಆ ಸಾರು?
ಬಾವಿ?

ಮೂರನೇ ಸಲ ಹಾಕುವಷ್ಟರಲ್ಲಿ ಕರೆಂಟು ಹೋಯಿತು.
ಜನರೇಟರಿಗೆಂದು ಓಡುತ್ತಿದ್ದ ಹುಡುಗನಿಗೆ
ತಡಿಯೋ, ಎಂದೆ,
ಸ್ವಲ್ಪ ಹೊತ್ತು ಹೀಗೇ ಇರಲಿ.