ಒತ್ತಕ್ಷರ

ಡೊಂಬಿವಲಿ ಪೂರ್ವ. ಮೂರನೇ ಮಾಳಿಗೆ, ಲಿಫ್ಟಿಲ್ಲ.
ಕೆಳಗೆ ರದ್ದಿಯವನು ತಕ್ಕಡಿ ಸಮೇತ ಕಾದಿದ್ದಾನೆ,
ನಾನು ಬೇಡವೆಂದದ್ದೆಲ್ಲ ಅವನದು.
ಕುಮುದಾ ಚಹಾ ಇಟ್ಟು ಹೇಳುತ್ತಾಳೆ:
"ಇದೆಲ್ಲ ಅಪ್ಪ ಜೋಡಿಸಿದ್ದು ಹಾಂ, ಬರೆದದ್ದಲ್ಲ.
ನನಗೆ ಕನ್ನಡ ಬೋರ್ಡು ಓದಲಿಕ್ಕೆ ಬರ್ತದೆ, ಅಷ್ಟೇ."

ದೂಮಪ್ಪ ಕುಂದರ್.
ಖೇತವಾಡಿಯ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ
ಮೊಳೆ ಜೋಡಿಸಿದವರು.
ಅಕ್ಷರವನ್ನು ತಲೆಕೆಳಗಾಗಿ ಓದಿಯೇ ರೂಢಿ,
ನೆಟ್ಟಗೆ ನಿಂತ ಪುಟ ಕಂಡರೆ
ಕಣ್ಣು ಉರಿಯುತ್ತದೆ ಎನ್ನುತ್ತಿದ್ದರಂತೆ.
ಆದರೂ ಪ್ರತಿ ಪುಸ್ತಕದ ಒಂದು ಪ್ರತಿ
ಸಂಬಳದಲ್ಲಿ ಮುರಿಸಿಕೊಂಡು ಮನೆಗೆ ತಂದರು.

ನನ್ನ ಕೈಯಲ್ಲಿ ವಾಚನಾಲಯದ ಹಾಳೆ, ಅದರಲ್ಲಿ ಮನೆಗಳು:
ಕಾವ್ಯ, ಐತಿಹಾಸಿಕ ಕಾದಂಬರಿ, ಪ್ರಕೃತಿ, ವಿಮರ್ಶೆ.
ಗೀಟು ಎಳೆಯುತ್ತ ಹೋದರೆ ಮಧ್ಯಾಹ್ನಕ್ಕೆ ಮುಗಿಯಬೇಕಿತ್ತು.

ಮೊದಲು ತೆರೆದದ್ದು ವಸಾಯಿ ಕೋಟೆಯ ಕಾದಂಬರಿ.
ನೂರಹನ್ನೆರಡನೇ ಪುಟದಲ್ಲಿ ಅಮಾವಾಸ್ಯೆ,
ಸೈನ್ಯ ಖಾಡಿ ದಾಟುತ್ತದೆ.
ಅಂಚಿನಲ್ಲಿ ಪೆನ್ಸಿಲು:
"ಸಾಹಿತಿಗಳು ಮುಂದಿನ ಪುಟಕ್ಕೇ
ಬೆಳದಿಂಗಳಲ್ಲಿ ಕತ್ತಿ ಹೊಳೆಸಿದ್ದರು.
ನಾನು ಬಲೆಯವರ ಮಗ.
ಬೆಳದಿಂಗಳು ತೆಗೆದು ದೀವಟಿಗೆ ಹಾಕಿದೆ.
ಯಾರಿಗೂ ಗೊತ್ತಾಗಲಿಲ್ಲ."

ಹಾಳೆ ಮಡಚಿ ಕೂತುಬಿಟ್ಟೆ.
ಚಹಾದ ಮೇಲೆ ಕೆನೆ ಕಟ್ಟಿತು.

ಆಮೇಲೆ ಸಣ್ಣದೊಂದು ಕವನ ಸಂಕಲನ,
ಊರು ಬಿಟ್ಟು ಬಂದವನ ಹಾಡುಪಾಡು.
ಆರು ಸಲ ಹಳ್ಳ, ಹಳ್ಳ ಎಂದು ಹರಿದುಬಂದದ್ದು
ಏಳನೇ ಸಲಕ್ಕೆ ಹೊಳೆ.
ಒಂದು ಮಾತ್ರೆ ಕಡಿಮೆ, ಸಾಲು ಅಲ್ಲಿ ಕುಂಟುತ್ತದೆ.
ಪೆನ್ಸಿಲು ಹೇಳುತ್ತದೆ:
"ಳ ಒತ್ತು ಖಾಲಿ. ಖಾನೆ ಕೊಡವಿ ನೋಡಿದೆ.
ಎಲ್ಲ ಪಕ್ಷಿ ಪುಸ್ತಕದಲ್ಲಿ ಸಿಕ್ಕಿಕೊಂಡಿದೆ.
ಕವಿಗಳು ಬಂದರು. ಪ್ರೂಫು ಓದಿದರು.
ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು.
ಇರಲಿ ಬಿಡಿ, ಹೊಳೆಯೇ ಇರಲಿ ಎಂದರು.
ಚಹಾಕ್ಕೆ ಎಂಟಾಣೆ ಕೊಟ್ಟರು."

ಪಕ್ಷಿ ಪುಸ್ತಕ ಅಟ್ಟದ ಡಬ್ಬಿಯಲ್ಲಿ ಸಿಕ್ಕಿತು,
ಕಾಂಡ್ಲಾ ಕಾಡಿನ ಹಕ್ಕಿಗಳು, ಗೆದ್ದಲು ತಿಂದ ಬೆನ್ನು.
ಪುಟ ತುಂಬ ಬೆಳ್ಳಕ್ಕಿ, ಮಿಂಚುಳ್ಳಿ,
ಮತ್ತೆ ಬೆಳ್ಳಕ್ಕಿ, ಹಿಂಡು ಹಿಂಡು.
ಕೊಕ್ಕಿನಲ್ಲಿ ಮೀನು ಕಚ್ಚಿದ ಹಾಗೆ
ಒಂದೊಂದರ ಕಾಲಡಿಗೂ ಒಂದೊಂದು ಒತ್ತು.
ಕವಿಯ ಹಳ್ಳವನ್ನು ಕುಡಿದವು ಇವೇ.
ಎರಡು ಹಾಳೆಗಳ ನಡುವೆ ಮಾಹಿಮಿನ ಬಸ್ ಟಿಕೆಟ್,
ಮೂರು ಭಾನುವಾರದ್ದು.
ತಾನು ಜೋಡಿಸಿದ್ದನ್ನು ನೋಡಲು ಹೋಗಿದ್ದರು.

"ಅಪ್ಪ ಭಾನುವಾರ ಚಪ್ಪಲಿಗೆ ಕೆಸರು ಮಾಡಿಕೊಂಡು ಬರ್ತಿದ್ದರು,
ಅಮ್ಮ ಬೈತಿದ್ದಳು," ಎಂದಳು ಕುಮುದಾ,
ಟಿಕೆಟನ್ನು ಬೆಳಕಿಗೆ ಹಿಡಿದು.

ಕೊನೆಯದು ವಿಮರ್ಶೆ. ದಪ್ಪ. ದುಬಾರಿ.
ಹನ್ನೆರಡು ವರ್ಷದ ನಂತರ, ಅದೇ ಪ್ರೆಸ್ಸು, ಅದೇ ಕೈ.
ಅದರಲ್ಲಿ ಎರಡು ಪುಟ
ಹಳ್ಳ ಹೊಳೆಯಾದದ್ದರ ಬಗ್ಗೆಯೇ:
ನಗರಕ್ಕೆ ಬಂದವನ ಪ್ರಜ್ಞೆ ಹಿಗ್ಗುವ ಕ್ಷಣವಂತೆ,
ಕಾಣೆಯಾದ ಮಾತ್ರೆ ಅವನ ಬಿಕ್ಕಳಿಕೆಯಂತೆ.
ಇದನ್ನು ಒಂದೊಂದೇ ಮೊಳೆ ಹೆಕ್ಕಿ
ದೂಮಪ್ಪನವರೇ ಜೋಡಿಸಿದ್ದಾರೆ.
ಅಂಚಿನಲ್ಲಿ ಪೆನ್ಸಿಲಿಲ್ಲ.
ಪುಸ್ತಕ ತುಂಬ ಅಚ್ಚಿನ ತಪ್ಪು,
ಆ ಎರಡು ಪುಟದಲ್ಲಿ ಮಾತ್ರ
ಒಂದೂ ಇಲ್ಲ.

ವಿಮರ್ಶಕರು ಸುಳ್ಳು ಹೇಳಿದರೆನ್ನಲಾರೆ.
ಸಾಲು ನಿಜಕ್ಕೂ ಅಲ್ಲಿ ಬಿಕ್ಕುತ್ತದೆ.
ಇಷ್ಟು ವರ್ಷ ಓದಿ ನಾನೂ ಬಿಕ್ಕಿದವಳೇ.

ರದ್ದಿಯವನು ಕೆಳಗಿನಿಂದ ಕೂಗಿದ, ಹೊತ್ತಾಯಿತಂತೆ.
ಹಳೆಯ ಪಂಚಾಂಗ, ಬ್ಯಾಂಕಿನ ವರದಿ ಇಳಿಸಿ ಕೊಟ್ಟೆ.
ಈ ನಾಲ್ಕನ್ನು ಯಾವ ಮನೆಗೂ ಬರೆಯದೆ
ಒಂದೇ ಚೀಲಕ್ಕೆ ಹಾಕಿದೆ.
ದೀವಟಿಗೆ, ಹೊಳೆ.
ಎರಡು ಶಬ್ದದ ಸಮಗ್ರ ಸಾಹಿತ್ಯ,
ತೂಕ ಮಾತ್ರ ಭುಜ ಜಗ್ಗುವಷ್ಟು.

ಐದೂ ನಲವತ್ತರ ಸ್ಲೋ ಲೋಕಲ್. ಕಿಟಕಿ ಸಿಕ್ಕಿತು.
ಮುಂಬ್ರಾದ ಹತ್ತಿರ ಖಾಡಿ ತೆರೆದುಕೊಂಡಿತು, ಇಳಿತದ ಹೊತ್ತು.
ಕೆಸರಲ್ಲಿ, ಪ್ಲಾಸ್ಟಿಕ್ಕಿನ ನಡುವೆ,
ಒಂದು ಬೆಳ್ಳಕ್ಕಿ ನಿಂತಿತ್ತು,
ಒತ್ತು ಸಮೇತ.