ಎರಡು ತಟ್ಟು

ತಗಡಿನ ಒಳಗೆ ನಾನು, ಹೊರಗೆ ರೆಮಿಹಿಯೊ.
ಮುಖ ಕಾಣುವುದಿಲ್ಲ.
ಅವನ ಗನ್ನು ಗುಡುಗುಟ್ಟುವಾಗ
ನನ್ನ ಕೈಯ ಉಕ್ಕಿನ ಗಟ್ಟಿ
ರಿವೆಟ್ಟಿನ ಬಾಲಕ್ಕೆ ಎದೆಯೊಡ್ಡಿ ನಿಲ್ಲಬೇಕು.
ಬಾಲ ಚಪ್ಪಟೆಯಾಗಿ ಬಿಲ್ಲೆ ಕಟ್ಟಿದರೆ
ನಾನು ಎರಡು ತಟ್ಟುತ್ತೇನೆ: ಸರಿ, ಮುಂದಕ್ಕೆ.
ಇನ್ನೂ ಬೇಕಿದ್ದರೆ ಒಂದು.
ಮೂರು ತಟ್ಟಿದರೆ, ಕೆಟ್ಟಿತು, ಕಿತ್ತು ಹಾಕು.

ಹನ್ನೊಂದು ವರ್ಷ ಮಾತಾಡಿದ್ದು ಹೀಗೆಯೇ.
ಊಟದ ಬೆಂಚಿನಲ್ಲಿ ಅವನು ಬಲು ಮೌನಿ;
ವಿನೆಗರಿನಲ್ಲಿ ಬೆಂದ ಕೋಳಿಯ ಡಬ್ಬಿಯನ್ನು
ನನ್ನ ಕಡೆ ಸರಿಸಿದರೆ
ಅವತ್ತಿನ ಭಾಷಣ ಮುಗಿಯಿತು.

ಈಗ ವಿಚಾರಣೆಯವರು ಬಂದಿದ್ದಾರೆ,
ಟಕೋಮಾದ ನನ್ನ ಅಡುಗೆಮನೆಗೆ, ಇಬ್ಬರು.
ಒಬ್ಬನ ಬೂಟಿನ ದಾರ ಬಿಚ್ಚಿದೆ.
'ಮಿಸೆಸ್ ಟ್ವೇಟನ್, ಎಲ್ಲಾ ಕೆಟ್ಟದ್ದು ಯಾವಾಗ ಅನ್ನಿಸುತ್ತೆ ನಿಮಗೆ?'
ಹಾಲು ಒಡೆದದ್ದು ಯಾವ ಗಳಿಗೆಗೆ
ಎಂದು ಪಾತ್ರೆಯನ್ನು ಕೇಳಿದ ಹಾಗೆ.

ದೊಡ್ಡ ಕಚೇರಿ ಎರಡು ಸಾವಿರ ಮೈಲಿ ಆಚೆ ಹೋದಾಗಲೋ?
ಅಲ್ಲಿ ವಿಮಾನ ಕಟ್ಟುತ್ತಿರಲಿಲ್ಲ,
ವಿಮಾನಕ್ಕೆ ಬೆಲೆ ಕಟ್ಟುತ್ತಿದ್ದರು.
ಒಡಲನ್ನು ಬೇರೆಯವರಿಗೆ ಒಪ್ಪಿಸಿ
ರೈಲಿನಲ್ಲಿ ತರಿಸಿಕೊಂಡಾಗಲೋ?
ಬಾಗಿಲಿನ ಹತ್ತಿರ ದಾರದಷ್ಟು ಸಂದು,
ಸಂದಿಗೆ ಪಟ್ಟಿ, ಪಟ್ಟಿಗೊಂದು ಕಾಗದ,
ಕಾಗದಕ್ಕೊಂದು ಸಹಿ, ಸಹಿ ಯಾರದೋ.
ಕೆಸರು ಒಬ್ಬರ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ
ಎನ್ನಬಹುದು. ಆದರೆ ಪೂರ್ತಿ ಹಾಗೂ ಅಲ್ಲ.
ಊಟದ ಹಾಲಿನ ಗೋಡೆಗೆ ಟೀವಿ ಬಂತು,
ಷೇರಿನ ದರ ಹಸಿರು ಬಾಣವಾಗಿ ಏರುತ್ತಿತ್ತು;
ಸುಳ್ಳೇಕೆ, ನಾವೂ ಚಪ್ಪಾಳೆ ತಟ್ಟಿದೆವು.
ನನ್ನ ಪಿಂಚಣಿ ಅದರೊಳಗಿತ್ತು.
ಅದೂ ತಟ್ಟುವುದೇ.
ಎಷ್ಟು ಸಲ ತಟ್ಟಿದೆವೋ ಎಣಿಸಲಿಲ್ಲ.

ರೆಮಿಹಿಯೊಗೆ ಐವತ್ತೆಂಟಕ್ಕೇ ಬೀಳ್ಕೊಡುಗೆ.
ನೀಲಿ ಕೆನೆಯ ವಿಮಾನದ ಕೇಕು.
ಮೊದಲು ರೆಕ್ಕೆ ಕತ್ತರಿಸಿದರು, ಸುಲಭ ಅಂತ.

ಅವನ ಜಾಗಕ್ಕೆ ಆರು ವಾರ ಕಲಿತು ಬಂದವರು ಬಂದರು.
ಕೆಟ್ಟ ಹುಡುಗರಲ್ಲ. ಅವರಲ್ಲಿ ಫೆಟು ಒಬ್ಬ,
ಸಮೋವಾದವರ ಮಗ, ಕತ್ತು ಕಂಬದ ಹಾಗೆ,
ಕೈ ಮಾತ್ರ ಹೂ ಮುಟ್ಟಿದ ಹಾಗೆ.
ಅವನಿಗೆ ನಾನೇ ಕಲಿಸಿದೆ: ಒಂದು, ಎರಡು, ಮೂರು.
ಒಂದು ದಿನ ಒಳಗಿನಿಂದ ಅವನು ಮೂರು ತಟ್ಟಿದ.
ಸರಿಪಡಿಸಿದ ಮೇಲೆ ಮತ್ತೆ ಮೂರು.
ಗಡಿಯಾರ ಹಿಡಿದವನು ಬಂದು ನಗುತ್ತಲೇ ಕೇಳಿದ,
'ಇಲ್ಲಿ ಸದ್ದು ಮಾಡುತ್ತಿರುವವನು ಯಾರಪ್ಪಾ?'
ಮುಂದಿನ ಸೋಮವಾರ ಫೆಟು ಉಗ್ರಾಣದಲ್ಲಿ
ನೆಲ ಒರೆಸುವ ಕೋಲುಗಳನ್ನು ಎಣಿಸುತ್ತಿದ್ದ.

ಆಮೇಲೆ
ಆ ಹ್ಯಾಂಗರಿನಲ್ಲಿ ಎಲ್ಲರಿಗೂ
ಎರಡೇ ತಟ್ಟು ಗೊತ್ತಿತ್ತು.

ಇಷ್ಟನ್ನೂ ಬರೆದುಕೊಂಡು ಅವರು ಹೊರಟರು,
ಬೂಟಿನ ದಾರ ಕಟ್ಟಿಕೊಳ್ಳದೆಯೇ.
ನಾನು ಹೇಳದೆ ಉಳಿಸಿದ್ದು ಒಂದಿದೆ.
ರಾತ್ರಿ ಪಾಳಿ, ಶುಕ್ರವಾರ, ಮೊಣಕೈ ಉರಿಯುತ್ತಿತ್ತು.
ಬಿಲ್ಲೆ ಕೊಂಚ ವಾಲಿತ್ತು.
ಕೊಂಚವೇ.
ಅದು ಯಾವ ಮೈ, ಈಗ ಯಾರ ಆಕಾಶದಲ್ಲಿದೆ?

ಮಾರ್ಚಿಯಲ್ಲಿ ತಂಗಿಯನ್ನು ನೋಡಲು ಡುಲೂತಿಗೆ ಹೊರಟೆ.
ಹದಿನೇಳನೆಯ ಸಾಲು, ಕಿಟಕಿ ಪಕ್ಕ.
ಅಂದಿನ ಹಾಗೆಯೇ ನಾನು ಒಳಗೆ.
ಬೆರಳ ಗೆಣ್ಣಿನಿಂದ ಗೋಡೆಗೆ ತಟ್ಟಿದೆ, ಒಂದೇ ಸಲ.
ಪ್ಲಾಸ್ಟಿಕ್ಕು ಪೊಳ್ಳಾಗಿ ಉಲಿಯಿತು.
ಅದರಾಚೆ ಹಸಿರು ಬಳಿದ ತಗಡು, ತಗಡಿನಾಚೆ
ಯಾರೂ ನಿಲ್ಲಲಾರದ ಚಳಿ.
ಪಕ್ಕದ ಹುಡುಗಿ ಕಿವಿಯಿಂದ ಹಾಡು ಕಿತ್ತು
'ಅಜ್ಜೀ, ಏನಾದರೂ ಬೇಕಿತ್ತಾ?' ಎಂದಳು.